ಒತ್ತಿಗೆ ಒಂದಿಷ್ಟು ಜಾಗ

ಮುಖಪುಟದ ಮೊದಲ ಪ್ರಿಂಟನ್ನು ಮೇಡಂ ಮೇಜಿನ ಮೇಲಿಟ್ಟು ನಾವು ಐದು ಜನ ಸಾಲಾಗಿ ನಿಂತಿದ್ದೆವು, ಪ್ರಸಾದಕ್ಕೆ ಕಾದವರ ಹಾಗೆ. ಅವರು ಕನ್ನಡಕ ಏರಿಸಿದರು, ಹಾಳೆಯನ್ನು ಕೊಂಚ ದೂರ ಹಿಡಿದರು, ಆಮೇಲೆ ಕೇಳಿದರು: “ಒತು ಅಂದ್ರೆ ಏನ್ರಪ್ಪಾ?”

ಕಾಲೇಜಿನ ಕೆಲಸಕ್ಕೆ ನಾವು ಮಾಡುತ್ತಿದ್ದ ಸಂಗೀತ ಪತ್ರಿಕೆಯ ಹೆಸರು ‘ಒತ್ತು’. ಹೆಸರು ಹುಡುಕುವುದಕ್ಕೇ ನಾಲ್ಕು ದಿನ ಹಿಡಿದಿತ್ತು. ನಾದ, ಸ್ವರ, ಲಯ, ಗಾನ ಇವೆಲ್ಲ ಬೇಡವೇ ಬೇಡ ಅಂತ ಮೊದಲೇ ತೀರ್ಮಾನ ಆಗಿತ್ತು. ಮೈಸೂರಿನ ಯಾವ ಬೀದಿಗೆ ಹೋದರೂ ಆ ಹೆಸರಿನ ಒಂದು ಸಂಗೀತ ಶಾಲೆಯೋ ಒಂದು ಮನೆಯೋ ಸಿಗುತ್ತದೆ. ನಾಗಸ್ವರದ ಪಕ್ಕದಲ್ಲಿ ಕೂತು ಉದ್ದಕ್ಕೂ ಒಂದೇ ಸ್ವರ ಹಿಡಿದು ಊದುವ ವಾದ್ಯಕ್ಕೆ ಒತ್ತು ಎನ್ನುತ್ತಾರೆ ಎಂದು ನಮ್ಮ ಗುಂಪಿನ ಒಬ್ಬಳು ಹೇಳಿದಳು. ಅವಳ ಸೋದರಮಾವ ಓಲಗದವರು. ಅಕ್ಷರಕ್ಕೂ ಒತ್ತು, ವಾದ್ಯಕ್ಕೂ ಒತ್ತು, ಅಚ್ಚಿಗೂ ಒತ್ತು. ಎಲ್ಲರಿಗೂ ಖುಷಿಯಾಯಿತು. ಆ ಖುಷಿಯಲ್ಲಿ ಹೆಸರಿನೊಳಗೇ ಒಂದು ಒತ್ತಕ್ಷರ ಇದೆ ಎನ್ನುವುದನ್ನು ಮಾತ್ರ ಯಾರೂ ಗಮನಿಸಲಿಲ್ಲ.

ಆದದ್ದು ಇಷ್ಟೇ. ನಾವು ಇಂಗ್ಲಿಷ್ ಸಂಗೀತ ಪತ್ರಿಕೆಗಳ ಮುಖಪುಟ ನೋಡಿ ಕಲಿತವರು. ಅವುಗಳಲ್ಲಿ ಗಾಯಕನ ತಲೆ ಪತ್ರಿಕೆಯ ಹೆಸರಿನ ಮೇಲೆ ಅರ್ಧ ಬಂದಿರುತ್ತದೆ, ಹಾಗಿದ್ದರೇ ಚಂದ. ದಪ್ಪ ದಪ್ಪ ಇಂಗ್ಲಿಷ್ ಅಕ್ಷರದ ಕೆಳಭಾಗ ಮುಚ್ಚಿದರೂ ಮೇಲಿನ ಅರ್ಧ ನೋಡಿಯೇ ಓದಬಹುದು. ನಾವೂ ಹಾಗೇ ಮಾಡಿದೆವು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಆರೂವರೆಗೆ ವೀಣೆ ಹಿಡಿಸಿ ಕೂರಿಸಿದ್ದ ನಮ್ಮ ಜೂನಿಯರ್ ಹುಡುಗಿಯ ತಲೆಯನ್ನು ಹೆಸರಿನ ಮೇಲಕ್ಕೆ ಹತ್ತಿಸಿದೆವು. ಅವಳ ತುರುಬಿನ ಮಲ್ಲಿಗೆ ದಂಡೆ ನೇರ ಹೋಗಿ ‘ತ್ತು’ವಿನ ಕೆಳಗಿನ ಒತ್ತಿನ ಮೇಲೆ ಕೂತುಬಿಟ್ಟಿತ್ತು. ಕೊಂಬು ಉಳಿದಿತ್ತು, ಒತ್ತು ಹೋಗಿತ್ತು.

ನಾನು ಬಿ.ಎ. ಕೊನೆಯ ವರ್ಷದ ಪತ್ರಿಕೋದ್ಯಮದ ವಿದ್ಯಾರ್ಥಿನಿ. ಊರು ಮದ್ದೂರಿನ ಹತ್ತಿರ. ಕಾಲೇಜಿಗಾಗಿ ಸರಸ್ವತಿಪುರಂನ ಪಿ.ಜಿ.ಯೊಂದರಲ್ಲಿ ವಾಸ. ನಮಗೆ ಕೊಟ್ಟಿದ್ದ ಕೆಲಸ ಒಂದು ಮುಖಪುಟ, ಒಂದು ಪರಿವಿಡಿ ಪುಟ, ಒಂದು ಜೋಡಿಪುಟದ ಲೇಖನ. ಅಂಕಕ್ಕೆ ಅಷ್ಟು ಸಾಕಾಗಿತ್ತು. ಅಷ್ಟಕ್ಕೇ ನಿಲ್ಲದೆ ಇಡೀ ಪತ್ರಿಕೆಯನ್ನೇ ಅಚ್ಚು ಹಾಕಿಸೋಣ ಅಂದದ್ದು ನಾನೇ. ಮುಂದಿನ ಆರು ವಾರ ಉಳಿದ ನಾಲ್ವರೂ ಅದನ್ನು ನನಗೆ ದಿನಾ ನೆನಪಿಸಿದರು. ಎಲ್ಲ ಮುಗಿದ ಮೇಲೆ ‘ಕಲಿತ ಕೌಶಲಗಳು’ ಅಂತ ಒಂದು ವರದಿ ಬರೆದುಕೊಡಬೇಕಿತ್ತು. ಅದರಲ್ಲಿ ಸಾಫ್ಟ್‌ವೇರಿನ ಹೆಸರು, ತಂಡದ ಕೆಲಸ, ಸಮಯ ಪಾಲನೆ ಅಂತ ಬರೆದು ಅಂಕ ತಗೊಂಡೆ. ಆ ವರದಿಗೆ ಹಿಡಿಸದೆ ಉಳಿದದ್ದು ಇಲ್ಲಿದೆ.

ಶಿವರಾಂಪೇಟೆಯ ಒಂದು ಸಂದಿಯಲ್ಲಿ ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತಿಥಿ ಕಾರ್ಡು, ಪಿಎಚ್‌.ಡಿ. ಪ್ರಬಂಧ ಮೂರೂ ಒಂದೇ ಕಂಪ್ಯೂಟರಿನಲ್ಲಿ ಆಗುವ ಜಾಗ. ಅಲ್ಲಿ ಕೂರುವ ಅಣ್ಣನಿಗೆ ನಮ್ಮ ಒಳಪುಟಗಳನ್ನು ತೋರಿಸಿದಾಗ ಆತ ಓದಲೇ ಇಲ್ಲ, ದೂರದಿಂದ ನೋಡಿ ನಕ್ಕ. “ಸಾಲು ಸಾಲಿಗೆ ಕುಸ್ತಿ ಬಿದ್ದದಲ್ಲಮ್ಮ.” ಹೌದು. ಅಕ್ಷರ 11 ಪಾಯಿಂಟ್ ಇಟ್ಟಿದ್ದೆವು. ಸಾಲಿನ ನಡುವಿನ ಅಂತರವನ್ನು ಪುಟ ಜೋಡಿಸುವ ಸಾಫ್ಟ್‌ವೇರ್ ಇನ್‌ಡಿಸೈನ್ ತಾನೇ ಲೆಕ್ಕ ಹಾಕಿಕೊಂಡು ನೂರಕ್ಕೆ ಇಪ್ಪತ್ತು ಸೇರಿಸಿ 13.2 ಇಟ್ಟಿತ್ತು. ಇಂಗ್ಲಿಷಿಗೆ ಅದು ಧಾರಾಳ. ಅಣ್ಣ ಪರದೆಯ ಮೇಲೆ ಒಂದು ಪದಕ್ಕೆ ಬೆರಳಿಟ್ಟ: ಕೃಷ್ಣಪ್ಪ.

ಬಿಡಾರಂ ಕೃಷ್ಣಪ್ಪನವರ ಬಗ್ಗೆ ನಮ್ಮಲ್ಲಿ ಒಂದು ಪುಟದ ಲೇಖನ ಇತ್ತು. ಮೈಸೂರಿನಲ್ಲಿ ರಾಮಮಂದಿರ ಕಟ್ಟಿಸಿದವರು, ಪಿಟೀಲು ಚೌಡಯ್ಯನವರ ಗುರುಗಳು. ಅವರ ಹೆಸರನ್ನು ಒಮ್ಮೆ ಬರೆದು ನೋಡಿ. ಮೂರಕ್ಷರ. ಮೊದಲನೆಯದಕ್ಕೆ ಕೆಳಗೆ ವಟ್ರಸುಳಿ, ಎರಡನೆಯದಕ್ಕೆ ಣ ಒತ್ತು, ಮೂರನೆಯದಕ್ಕೆ ಪ ಒತ್ತು. ಮೂರೂ ಕೆಳಗಿನ ಸಾಲಿನ ತಲೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದವು. ಕೆಳಸಾಲಿನಲ್ಲಿ ‘ವೀಣೆ’ ಇತ್ತು; ಅದರ ಗುಡಿಸು ಮೇಲಿನ ಒತ್ತಿಗೆ ಸಿಕ್ಕಿಹಾಕಿಕೊಂಡಿತ್ತು. “ಹನ್ನೊಂದಕ್ಕೆ ಹದಿನಾರು ಇಡು, ಆಮೇಲೆ ನೋಡು” ಅಂದ. ಇಟ್ಟೆ. ಪುಟ ಉಸಿರಾಡಿತು ಅಂತ ಬರೆಯುವ ಆಸೆ ಆಗುತ್ತದೆ. ನಿಜಕ್ಕೂ ಆದದ್ದು ಬೇರೆ: ಲೇಖನ ಪುಟದಿಂದ ಹೊರಗೆ ಹೋಯಿತು. ಹದಿನಾರು ಇಟ್ಟರೆ ಪುಟಕ್ಕೆ ಸುಮಾರು ಹತ್ತು ಸಾಲು ಕಡಿಮೆ ಹಿಡಿಯುತ್ತವೆ. ಅಂದರೆ ಪ್ರತಿ ಲೇಖನದಲ್ಲೂ ಸುಮಾರು ಆರರಲ್ಲಿ ಒಂದು ಪಾಲು ಕತ್ತರಿಸಬೇಕು. ಸಂಪಾದನೆ ಎನ್ನುವ ಕೆಲಸ ನನಗೆ ಬಂದದ್ದು ಭಾಷಾ ಪ್ರೇಮದಿಂದಲ್ಲ, ಒತ್ತಕ್ಷರಕ್ಕೆ ಜಾಗ ಹೊಂದಿಸಲು ಹೋಗಿ.

ಮೂರು ಕಾಲಂ ಮಾಡಿದ್ದೆವು, ಅದನ್ನೂ ಕೈಬಿಟ್ಟೆವು. ಕನ್ನಡದ ಪದಗಳು ಉದ್ದ. ‘ಹಾಡಿಕೊಂಡಿದ್ದವರಿಗೆ’ ಅನ್ನುವ ಒಂದು ಪದ ಕಿರಿದಾದ ಕಾಲಂನಲ್ಲಿ ಅರ್ಧ ಸಾಲು ತಿನ್ನುತ್ತದೆ. ಎರಡೂ ಅಂಚು ಸಮ ಮಾಡಲು ಹೋದರೆ ಉಳಿದ ಪದಗಳ ನಡುವೆ ಹಲ್ಲು ಬಿದ್ದ ಬಾಯಿಯಂತೆ ಸಂದುಗಳು. ಎರಡು ಕಾಲಂ, ಎಡಕ್ಕೆ ಮಾತ್ರ ಸಮ, ಬಲಗಡೆ ಏರುಪೇರು ಇದ್ದರೆ ಇರಲಿ ಅಂತ ಬಿಟ್ಟೆವು. ಅದು ಇಂದಿಗೂ ನನಗೆ ಸರಿ ಅನ್ನಿಸುತ್ತದೆ. ನಮ್ಮ ಗುಂಪಿನ ಒಬ್ಬನಿಗೆ ಮಾತ್ರ ಇಂದಿಗೂ ಸರಿ ಅನ್ನಿಸಿಲ್ಲ.

ಅಕ್ಷರದ ಇನ್ನೊಂದು ಪೀಕಲಾಟ ಎಲ್ಲರಿಗೂ ಗೊತ್ತಿರುವುದೇ. ನಾವೆಲ್ಲ ಫೋನಿನಲ್ಲಿ ಟೈಪ್ ಮಾಡುವವರು, ಯೂನಿಕೋಡ್. ನಿವೃತ್ತ ಸಂಗೀತ ಮೇಷ್ಟ್ರೊಬ್ಬರು ಪ್ರೀತಿಯಿಂದ ಬರೆದುಕೊಟ್ಟ ಲೇಖನ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರದಲ್ಲಿತ್ತು. ತೆರೆದರೆ ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರ, ನಡುನಡುವೆ ಪೌಂಡಿನ ಗುರುತು. ಪರಿವರ್ತಕಕ್ಕೆ ಹಾಕಿದೆವು, ಕನ್ನಡ ಬಂತು, ಆದರೆ ಅರ್ಕಾವೊತ್ತು ಕೆಲವು ಕಡೆ ಹಿಂದಿನ ಅಕ್ಷರಕ್ಕೆ, ಕೆಲವು ಕಡೆ ಮುಂದಿನದಕ್ಕೆ ಅಂಟಿಕೊಂಡು ಬಂತು. ‘ಕರ್ನಾಟಕ ಸಂಗೀತ’ ಅಂತ ಆ ಲೇಖನದಲ್ಲಿ 31 ಸಲ ಇತ್ತು. ಮೂವತ್ತೊಂದನ್ನೂ ಒಂದೊಂದಾಗಿ ನೋಡಿದೆವು. ಕಾಲೇಜಿನ ಲ್ಯಾಬಿನ ಇನ್‌ಡಿಸೈನ್‌ನಲ್ಲಿ ಮೊದಲ ದಿನ ಒತ್ತುಗಳೆಲ್ಲ ಬಿಡಿಬಿಡಿಯಾಗಿ ಬಿದ್ದಿದ್ದವು. ‘ವರ್ಲ್ಡ್-ರೆಡಿ ಕಂಪೋಸರ್’ ಎಂಬ ಒಂದು ಆಯ್ಕೆ ಒತ್ತಿದ ತಕ್ಷಣ ಎಲ್ಲ ಜಾಗಕ್ಕೆ ಬಂದವು. ಅದು ಗೊತ್ತಾಗುವ ಮುಂಚೆ ನಾನು ಎರಡು ಪುಟದ ಒತ್ತುಗಳನ್ನು ಕೈಯಾರೆ ಎಳೆದೆಳೆದು ಕೂರಿಸಿದ್ದೆ. ಆ ರಾತ್ರಿಯ ಬಗ್ಗೆ ಬೇರೆ ಮಾತು ಬೇಡ.

ಇಷ್ಟರಲ್ಲಿ ಎಲ್ಲಕ್ಕಿಂತ ಹೆಚ್ಚು ತಿಣುಕಿದ್ದು ಸ್ವರಲಿಪಿಯ ಪುಟಕ್ಕೆ.

ಸಂಗೀತ ಪತ್ರಿಕೆ ಅಂದಮೇಲೆ ಹೊಸದಾಗಿ ಕಲಿಯುವವರಿಗೆ ಒಂದು ಪುಟ ಇರಲಿ ಅಂತ ಪಿಳ್ಳಾರಿ ಗೀತೆಯೊಂದರ ಸ್ವರ ಹಾಕುವುದು ಎಂದಾಯಿತು. ಮಲಹರಿ ರಾಗ, ರೂಪಕ ತಾಳ, ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, ಆರು ಎಣಿಕೆ, ಎರಡು ಮತ್ತು ನಾಲ್ಕಾಗಿ ಒಡೆದದ್ದು. ಮೈಸೂರಿನಲ್ಲಿ ಸಂಜೆ ಐದೂವರೆಗೆ ಯಾವ ಅಗ್ರಹಾರದ ಬೀದಿಯಲ್ಲಿ ನಡೆದರೂ ಕಿಟಕಿಯಿಂದ ಕೇಳುವಂಥದು. ಸುಲಭ ಅಂದುಕೊಂಡು ಕೊನೆಗೆ ಇಟ್ಟುಕೊಂಡಿದ್ದೆವು.

ಮ ಪ, ಒಂದು ಗೆರೆ, ದ ಸ ಸ ರಿ, ಎರಡು ಗೆರೆ. ಇಷ್ಟೇ ಮೊದಲ ಆವರ್ತ. ಆದರೆ ಆ ಸ, ಸ, ರಿ ಮೂರೂ ತಾರ ಸ್ಥಾಯಿಯವು, ಮೇಲಿನ ಸ್ವರಗಳು. ಅವುಗಳ ತಲೆಯ ಮೇಲೆ ಚುಕ್ಕಿ ಬೇಕು. ಚುಕ್ಕಿ ಬಿಟ್ಟರೆ ಓದುವ ಮಗು ಮೇಲಕ್ಕೆ ಹತ್ತುವ ಬದಲು ಧಡಕ್ಕನೆ ಕೆಳಗಿನ ಸ-ಗೆ ಬೀಳುತ್ತದೆ. ಕೀಬೋರ್ಡಿನಿಂದ ಚುಕ್ಕಿ ಸೇರಿಸಿದರೆ ಅಕ್ಷರದ ಪಕ್ಕದಲ್ಲಿ ಒಂದು ಚುಕ್ಕಿ ಚುಕ್ಕಿಯ ಉಂಗುರ ಹುಟ್ಟಿ ಅದರ ಮೇಲೆ ನಮ್ಮ ಚುಕ್ಕಿ ಕೂರುತ್ತಿತ್ತು. ಇಂಗ್ಲಿಷಿನ ಚುಕ್ಕಿಗೆ ಕನ್ನಡದ ಅಕ್ಷರ ತನ್ನ ತಲೆ ಕೊಡಲು ಒಪ್ಪಲಿಲ್ಲ. ಕೊನೆಗೆ ಚುಕ್ಕಿಯನ್ನು ಬೇರೆಯಾಗಿ ಬರೆದು, ಗಾತ್ರ ಕುಗ್ಗಿಸಿ, ಮೇಲಕ್ಕೆತ್ತಿ ಇಡತೊಡಗಿದೆವು. ಸ ಮೇಲೆ ಕೂತಿತು. ರಿ ಮೇಲೆ ಗುಡಿಸಿನ ಸುರುಳಿ ಇದೆ. ಚುಕ್ಕಿ ಅದರೊಳಗೆ ಹೊಕ್ಕು ಕುಳಿತು ರಿ ಹೋಗಿ ಏನೋ ಒಂದು ಮಸಿ ಗುಡ್ಡೆ ಆಯಿತು. ರಿ-ಗೆ ಮಾತ್ರ ಇನ್ನೂ ಎತ್ತರ ಇಟ್ಟರೆ ಮೂರು ಚುಕ್ಕಿ ಎರಡು ಎತ್ತರದಲ್ಲಿ.

ನಮ್ಮ ಗುಂಪಿನ ವೀಣೆ ಕಲಿಯುವವಳು ತನ್ನ ಗುರುಗಳ ಮನೆಗೆ ಕರೆದುಕೊಂಡು ಹೋದಳು. ಎಪ್ಪತ್ತು ದಾಟಿದ ಅಮ್ಮ. ನಾವು ನಮ್ಮ ಪ್ರಿಂಟ್ ತೋರಿಸಿ ಕಷ್ಟ ಹೇಳಿಕೊಂಡೆವು. ಅವರು ಒಳಗಿಂದ ತಮ್ಮ ಹಳೆಯ ನೋಟ್‌ಬುಕ್ ತಂದು ಬಿಡಿಸಿದರು. ನೀಲಿ ಶಾಯಿ, ಪೆನ್ಸಿಲಿನ ಗೆರೆ. ಅದರಲ್ಲಿ ಚುಕ್ಕಿಗಳೆಲ್ಲ ಒಂದೇ ಮಟ್ಟದಲ್ಲಿದ್ದವು, ಸ-ಗೂ ಅಷ್ಟೇ ಎತ್ತರ, ರಿ-ಗೂ ಅಷ್ಟೇ. “ನಾವು ಮೊದಲು ಅಕ್ಷರ ಎಲ್ಲಾ ಬರ್ಕೊಂಡು ಬಿಡ್ತಿದ್ವಿ ಪುಟ್ಟಿ, ಆಮೇಲೆ ಹಾಡ್ತಾ ಹಾಡ್ತಾ ಚುಕ್ಕಿ ಇಡ್ತಿದ್ವಿ. ಚುಕ್ಕಿಗೆ ಅಂತ ಮೇಲೆ ಒಂದು ಸಾಲು ಬಿಟ್ಟಿರ್ತಿದ್ವಿ” ಎಂದರು. ಇನ್ನೊಂದನ್ನೂ ತೋರಿಸಿದರು. ನಾವು ಸ್ವರಗಳನ್ನು ಗದ್ಯದಂತೆ ಒಂದರ ಹಿಂದೆ ಒಂದು ಹರಿಯಬಿಟ್ಟಿದ್ದೆವು. ಅವರ ಪುಸ್ತಕದಲ್ಲಿ ಒಂದು ಆವರ್ತಕ್ಕೆ ಒಂದು ಸಾಲು, ಮೊದಲ ಎಣಿಕೆಯ ಕೆಳಗೆ ಮೊದಲ ಎಣಿಕೆ, ಮೂರನೆಯದರ ಕೆಳಗೆ ಮೂರನೆಯದು. ಸ್ವರದ ಕೆಳಗೆ ಸಾಹಿತ್ಯ, ಅದೂ ನೇರ ಕೆಳಗೆ. ಒಂದು ಎಣಿಕೆ ಎಳೆಯಬೇಕಾದಲ್ಲಿ ಒಂದು ಅಲ್ಪವಿರಾಮ, ಎರಡು ಎಳೆಯಬೇಕಾದಲ್ಲಿ ಅರ್ಧವಿರಾಮ. ಆ ವಿರಾಮ ಚಿಹ್ನೆಗೂ ಒಂದು ಪೂರ್ತಿ ಮನೆ.

ಮನೆ ಎಂದೊಡನೆ ಹೊಳೆಯಿತು. ಲ್ಯಾಬಿಗೆ ಬಂದು ಪುಟದಲ್ಲಿ ಕೋಷ್ಟಕ ಎಳೆದೆವು, ಅಡ್ಡಕ್ಕೆ ಆರು ಮನೆ. ಪ್ರತಿ ಆವರ್ತಕ್ಕೆ ಮೂರು ಸಾಲು: ಮೇಲೆ ಚುಕ್ಕಿ, ನಡುವೆ ಸ್ವರ, ಕೆಳಗೆ ಸಾಹಿತ್ಯ. ಎರಡನೆಯ ಮನೆಯ ನಂತರ ಒಂದು ಗೆರೆ, ಆರನೆಯದರ ನಂತರ ಜೋಡಿ ಗೆರೆ. ಆಮೇಲೆ ಉಳಿದ ಗೆರೆಗಳನ್ನೆಲ್ಲ ಬಿಳಿ ಮಾಡಿದೆವು. ಚುಕ್ಕಿಗೆ ತನ್ನದೇ ಸಾಲು ಸಿಕ್ಕಿದ ಮೇಲೆ ರಿ-ಯ ಗುಡಿಸಿನ ಜೊತೆ ಜಗಳ ನಿಂತಿತು. ಆ ಪುಟವನ್ನು ಕಂಪ್ಯೂಟರಿನಲ್ಲಿ ತಾಳ ಹಾಕಿಕೊಂಡು ಓದಿ ನೋಡಿದೆ, ಬೆರಳು ಎಣಿಸುವ ಜಾಗಕ್ಕೆ ಕಣ್ಣು ತಾನಾಗಿಯೇ ಹೋಗುತ್ತಿತ್ತು. ಇಡೀ ಪತ್ರಿಕೆಯಲ್ಲಿ ನನಗೆ ಹೆಮ್ಮೆ ಇರುವುದು ಈ ಒಂದು ಪುಟದ ಬಗ್ಗೆ. ಇದನ್ನು ಯಾರೂ ಹೊಗಳಲಿಲ್ಲ, ಅದು ಬೇರೆ ಮಾತು.

ಚಿತ್ರಗಳ ವಿಚಾರದಲ್ಲಿ ನಮ್ಮ ಮಾನ ಉಳಿಸಿದ್ದೂ ಆ ಅಮ್ಮನೇ. ಚೌಡಯ್ಯನವರ ಲೇಖನಕ್ಕೆ ನಮ್ಮ ಗೆಳೆಯ ಪಿಟೀಲಿನ ಒಂದು ರೇಖಾಚಿತ್ರ ಬರೆದಿದ್ದ. ನಿಜಕ್ಕೂ ಚೆನ್ನಾಗಿತ್ತು. ನಾವು ಹೊರಡುವಾಗ ಅಮ್ಮ ಅದನ್ನು ನೋಡಿ, “ತಂತಿ ಎಷ್ಟಿದೆ ಎಣಿಸಪ್ಪ” ಎಂದರು. ನಾಲ್ಕು. ಲೇಖನದ ತಲೆಬರಹದಲ್ಲೇ ‘ಏಳು ತಂತಿ’ ಅಂತ ದೊಡ್ಡದಾಗಿ ಹಾಕಿದ್ದೆವು! ತಿರುಮಕೂಡಲಿನ ಚೌಡಯ್ಯನವರು ಮೈಕಿಲ್ಲದ ಕಛೇರಿಗಳಲ್ಲಿ ಹಿಂದೆ ಕೂತವರಿಗೂ ನಾದ ಮುಟ್ಟಲಿ ಎಂದು ತಂತಿ ಹೆಚ್ಚಿಸಿಕೊಂಡದ್ದೇ ಆ ಲೇಖನದ ಜೀವ. ಅವನು ನೆಟ್‌ನಲ್ಲಿ ಸಿಕ್ಕ ಯಾವುದೋ ಪಿಟೀಲು ನೋಡಿ ಬರೆದಿದ್ದ. ಮತ್ತೆ ಬರೆದ. ತಂತಿ ಏಳಾದರೆ ಬಿರಡೆಯೂ ಏಳಾಗಬೇಕು ಅಂತ ಮೂರನೆಯ ಸಲ ಬರೆದ. ಅಂದಿನಿಂದ ನಾನು ಬರಹವನ್ನು ತಿದ್ದುವಷ್ಟೇ ನಿಧಾನವಾಗಿ ಚಿತ್ರವನ್ನೂ ಓದುತ್ತೇನೆ.

ಜಯಚಾಮರಾಜ ಒಡೆಯರ್ ಬಗ್ಗೆ ಒಂದು ಪೆಟ್ಟಿಗೆ ಸುದ್ದಿ ಇತ್ತು. 94 ಕೃತಿಗಳನ್ನು ರಚಿಸಿದ್ದು, ಪಾಶ್ಚಾತ್ಯ ಸಂಗೀತವನ್ನೂ ಓದಿಕೊಂಡಿದ್ದು, ರಷ್ಯಾದ ಮೆಟ್ನರ್ ಎಂಬ ಸಂಗೀತಗಾರನ ರಚನೆಗಳನ್ನು 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಧ್ವನಿಮುದ್ರಿಸಲು ಹಣ ಕೊಟ್ಟಿದ್ದು. ನಾನು ಬರೆದದ್ದು 400 ಪದ, ಪೆಟ್ಟಿಗೆಗೆ ಹಿಡಿಯುವುದು 120. ಅಕ್ಷರ ಚಿಕ್ಕದು ಮಾಡಿ ತುರುಕಿದ್ದೆ, ಮೇಡಂ “ಇದನ್ನ ಇರುವೆ ಓದಬೇಕಾ?” ಎಂದು ವಾಪಸ್ ಕೊಟ್ಟರು. ಮೆಟ್ನರ್ ಕಥೆ ಒಂದನ್ನೇ ಉಳಿಸಿದೆ. ಉಳಿದದ್ದು ಮೈಸೂರಿನವರಿಗೆ ಗೊತ್ತಿರುವುದೇ.

ಇನ್ನು ನಡುಪುಟ. ಪತ್ರಿಕೆಗೆ ಮಧ್ಯದಲ್ಲಿ ಪಿನ್ ಹೊಡೆಯುವುದಾದರೆ ಪುಟಗಳು ನಾಲ್ಕರ ಲೆಕ್ಕದಲ್ಲಿರಬೇಕು. ನಾವು 22 ಪುಟ ಮಾಡಿಕೊಂಡು ಹೋಗಿದ್ದೆವು. ಪ್ರೆಸ್ಸಿನ ಯಜಮಾನರು ಮಾತಾಡದೆ ಆರು ಹಾಳೆ ತೆಗೆದು ಒಂದರೊಳಗೊಂದು ಮಡಚಿ ನಮ್ಮ ಕೈಗೆ ಕೊಟ್ಟರು: “ನಂಬರ್ ಹಾಕ್ಕೊಂಡು ಬನ್ನಿ.” ಇಪ್ಪತ್ನಾಲ್ಕು. ಆ ಡಮ್ಮಿ ಮಾಡಿದ ಮೇಲೇ ನನಗೆ ತಿಳಿದದ್ದು, 1ನೇ ಪುಟ ಅಚ್ಚಾಗುವುದು 24ರ ಪಕ್ಕದಲ್ಲಿ ಅಂತ. ಇನ್ನೊಂದು ಲಾಭವೂ ಗೊತ್ತಾಯಿತು. ದುಡ್ಡು ಕಡಿಮೆ ಇದ್ದದ್ದರಿಂದ ರಕ್ಷಾಪುಟ ಆರ್ಟ್ ಪೇಪರಿನಲ್ಲಿ ಬಣ್ಣ, ಒಳಗೆ 70 ಜಿಎಸ್ಎಂ ಮ್ಯಾಪ್‌ಲಿಥೋದಲ್ಲಿ ಕಪ್ಪುಬಿಳುಪು. ನಟ್ಟನಡುವಿನ ಒಂದು ಹಾಳೆಗೆ ಮಾತ್ರ ಬಣ್ಣ ಹಾಕಿಸಿದರೆ 11ರಿಂದ 14ರವರೆಗೆ ನಾಲ್ಕು ಬಣ್ಣದ ಪುಟ ಸಿಗುತ್ತವೆ, 12 ಮತ್ತು 13 ಒಂದೇ ಹಾಳೆಯಾಗಿ ತೆರೆದುಕೊಳ್ಳುತ್ತವೆ. ನಮ್ಮ ಮುಖ್ಯ ಲೇಖನ ಅಲ್ಲಿಗೆ ಹೋಯಿತು.

ಅದು ಮಳವಳ್ಳಿ ಕಡೆಯ ಒಬ್ಬ ನೀಲಗಾರರ ಬಗ್ಗೆ. ಮಂಟೇಸ್ವಾಮಿ ಕಾವ್ಯವನ್ನು ರಾತ್ರಿಯಿಡೀ ಹಾಡುವವರು. ಹೆಗಲಿಗೆ ತಂಬೂರಿ, ಇನ್ನೊಂದು ಕೈಯಲ್ಲಿ ಅಲ್ಲಾಡಿಸಿ ಸದ್ದು ಮಾಡುವ ಗಗ್ಗರ, ಹಿಂದೆ ಹಿಮ್ಮೇಳ. ಅರಮನೆ, ಕಛೇರಿ, ವೀಣೆ ಮಾತ್ರ ಇದ್ದರೆ ಅದು ಮೈಸೂರು ಸಂಗೀತ ಪತ್ರಿಕೆ ಆಗುತ್ತದೆಯೇ ಹೊರತು ನಮ್ಮ ಪತ್ರಿಕೆ ಆಗುವುದಿಲ್ಲ ಅಂತ ಮಂಡ್ಯ ಜಿಲ್ಲೆಯ ನಾವಿಬ್ಬರು ಹಟ ಹಿಡಿದಿದ್ದೆವು. ಬೊಪ್ಪೇಗೌಡನಪುರದ ಬಸ್ಸು ಹತ್ತಿ ಎರಡು ಸಲ ಹೋಗಿ ಬಂದೆವು. ಮೊದಲ ಸಲದ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಂಡು ಹಾಳು ಮಾಡಿಕೊಂಡಿದ್ದೆವು: ಅಗಲ 1200 ಪಿಕ್ಸೆಲ್, ಅಚ್ಚಿಗೆ ಇಂಚಿಗೆ 300 ಬೇಕು, ಅಂದರೆ ನಾಲ್ಕಿಂಚಿನ ಚಿತ್ರ. ಎ4 ಪುಟದ ಅಗಲಕ್ಕೇ 2480 ಬೇಕು, ಜೋಡಿಪುಟಕ್ಕೆ ಅದರ ಎರಡರಷ್ಟು. ಎರಡನೆಯ ಸಲ ಕಾಲೇಜಿನ ಕ್ಯಾಮೆರಾ ಒಯ್ದು ತೆಗೆದ ಚಿತ್ರ ಚೆನ್ನಾಗಿ ಬಂತು. ತಾತ ಕಣ್ಣು ಮುಚ್ಚಿ ಕಂಠ ಎತ್ತಿದ್ದಾರೆ, ಬೆರಳು ತಂತಿಯ ಮೇಲಿದೆ.

ಪ್ರೂಫ್ ಮಡಚಿ ನೋಡುವಾಗ ಬೈಂಡಿಂಗ್ ಮಾಡುವ ಅಕ್ಕ ಪುಟದ ನಡುವೆ ಎರಡು ಕಡೆ ಉಗುರಿನಿಂದ ಗುರುತು ಮಾಡಿ, “ಪಿನ್ನು ಇಲ್ಲಿ, ಇಲ್ಲಿ ಬೀಳ್ತದೆ. ನೋಡು, ಅಜ್ಜನ ಕೈಗೇ ಚುಚ್ತದೆ” ಎಂದರು. ತಂತಿ ಮೀಟುವ ಬೆರಳಿನ ಮೇಲೆ ಸರಿಯಾಗಿ. ನಾವು ಅಲ್ಲೇ ಅಂಗಡಿಯ ಕಂಪ್ಯೂಟರಿನಲ್ಲಿ ಚಿತ್ರವನ್ನು ಒಂದೂವರೆ ಇಂಚು ಎಡಕ್ಕೆ ಸರಿಸಿದೆವು. ಕೈ ಉಳಿಯಿತು. ಸಮಯಕ್ಕೆ ಸರಿಯಾಗಿ ಹಿಡಿದೆವಲ್ಲ ಅಂತ ಎದುರಿನ ಹೋಟೆಲಿನಲ್ಲಿ ಸೆಟ್ ದೋಸೆ ತಿಂದೆವು.

ಅಚ್ಚಾಗಿ ಬಂದದ್ದು 300 ಪ್ರತಿ. ಪರದೆಯಲ್ಲಿ ಮಿಂಚುತ್ತಿದ್ದ ಗಿಳಿಹಸಿರು ಕಾಗದದಲ್ಲಿ ಹಳೆಯ ಬಾಳೆಲೆಯಾಗಿತ್ತು. ಪರದೆಯ ಬಣ್ಣಪದ್ಧತಿಯಾದ ಆರ್‌ಜಿಬಿಯಿಂದ ಅಚ್ಚಿನ ಪದ್ಧತಿಯಾದ ಸಿಎಂವೈಕೆಗೆ ಮೊದಲೇ ಬದಲಿಸಿ ನೋಡಬೇಕಿತ್ತು, ನಮ್ಮದೇ ತಪ್ಪು. ಅರಿಶಿನ ಬಣ್ಣ ಮಾತ್ರ ಅಂದುಕೊಂಡಂತೆಯೇ ಬಂತು. ಕಟ್ಟು ಹೊತ್ತುಕೊಂಡು ಬರುವಾಗ ಬೆರಳೆಲ್ಲ ಕಪ್ಪು. ಚುನಾವಣೆಯ ಅಳಿಸಲಾಗದ ಶಾಯಿ ತಯಾರಾಗುವ ಊರು ನಮ್ಮದು. ಈ ಶಾಯಿ ಸಂಜೆಯೊಳಗೆ ಸೋಪಿಗೆ ಹೋಯಿತು. ಮುಖಪುಟದಲ್ಲಿ ‘ಒತ್ತು’ ಪೂರ್ತಿ ಓದಲು ಬರುತ್ತಿತ್ತು, ಮೂರಡಿ ದೂರದಿಂದಲೂ. ಹುಡುಗಿಯ ತಲೆಯನ್ನು ಕೆಳಗಿಳಿಸಿ, ಹೆಸರನ್ನು ಇನ್ನೂ ಮೇಲಕ್ಕೆ ಒಯ್ದು, ಅದರ ಕೆಳಗೆ ಒಂದು ಬೆರಳಿನಷ್ಟು ಖಾಲಿ ಬಿಟ್ಟಿದ್ದೆವು.

ಭಾನುವಾರ ಐದು ಪ್ರತಿ ತೆಗೆದುಕೊಂಡು ತಾತನ ಊರಿಗೆ ಹೋದೆ. ಜಗಲಿಯ ಮೇಲೆ ಕೂತಿದ್ದರು. ನಡುಪುಟ ಬಿಡಿಸಿ ಅವರ ತೊಡೆಯ ಮೇಲಿಟ್ಟೆ. ಮೊಮ್ಮಗಳು ಪಕ್ಕದಲ್ಲಿ ನಿಂತು ಜೋರಾಗಿ ಓದಿದಳು, ಏಳನೆಯ ಕ್ಲಾಸು, ಒಂದೂ ಒತ್ತು ತಪ್ಪಲಿಲ್ಲ. ತಾತ ಕೇಳಿಸಿಕೊಳ್ಳುತ್ತಿದ್ದರೋ ಇಲ್ಲವೋ, ಅವರ ಕಣ್ಣು ಚಿತ್ರದ ಮೇಲೇ ಇತ್ತು. ಅಂಗೈಯಿಂದ ಹಾಳೆಯನ್ನು ಎಡದಿಂದ ಬಲಕ್ಕೆ ಸವರಿದರು, ಅಂಚಿನವರೆಗೆ ಹೋಗಿ ಹಾಳೆ ತಿರುವಿ ಹಿಂದೆಯೂ ನೋಡಿದರು.

“ಚೆಂದಾಗೈತೆ ಕಣ್ ಮಗ. ತಂಬೂರಿ ಐತೆ. ಗಗ್ಗರ ಎಲ್ಲೋಯ್ತು?”

ನೋಡಿದೆ. ಪಿನ್ನಿನಿಂದ ಬೆರಳು ಉಳಿಸಲು ಚಿತ್ರವನ್ನು ಎಡಕ್ಕೆ ಸರಿಸಿದ್ದೆವಲ್ಲ, ಆಗ ಚಿತ್ರದ ಎಡಬದಿಯಲ್ಲಿದ್ದ ಅವರ ತೋಳು ಮೊಣಕೈಯವರೆಗೆ ಬಂದು ಪುಟದ ಅಂಚಿಗೆ ನಿಂತಿತ್ತು. ಅದರಾಚೆ ಏನೂ ಇರಲಿಲ್ಲ. ಲೇಖನದಲ್ಲಿ ಗಗ್ಗರದ ಬಗ್ಗೆ ಒಂದು ಇಡೀ ಪ್ಯಾರಾ ಬರೆದಿದ್ದವಳು ನಾನೇ.

“ಪುಟಕ್ಕೆ ಹಿಡೀಲಿಲ್ಲ ತಾತ” ಎಂದೆ.

“ಅದಿಲ್ದೆ ನಾನು ಹಾಡಕಿಲ್ಲ ಕಣವ್ವ” ಎಂದರು, ಬೇಜಾರಿನಿಂದ ಅಲ್ಲ, ಸುಮ್ಮನೆ ತಿಳಿಸುವವರಂತೆ. ಒಳಗೆ ಹೋಗಿ ಗಗ್ಗರ ತಂದು ಎರಡು ಸಲ ಅಲ್ಲಾಡಿಸಿ ತೋರಿಸಿದರು.

ಮೈಸೂರಿಗೆ ಬಂದು ಕ್ಯಾಮೆರಾದ ಮೂಲ ಫೈಲ್ ಹುಡುಕಿ, ಎಲ್ಲೂ ಕತ್ತರಿಸದೆ, ಹನ್ನೆರಡು ಇಂಚಿನ ಒಂದು ಪ್ರಿಂಟ್ ಹಾಕಿಸಿದೆ. ಕಟ್ಟು ಹಾಕಿಸುವಾಗ ಅಂಗಡಿಯವನು ಸುತ್ತ ಅರ್ಧ ಇಂಚು ಒಳಗೆ ಹೋಗುತ್ತದೆ ಎಂದ. ಹಾಗಾದರೆ ಕಟ್ಟು ಬೇಡ ಎಂದು ರಟ್ಟಿನ ನಡುವೆ ಇಟ್ಟುಕೊಂಡು ಬಂದೆ. ಮುಂದಿನ ವಾರ ಮಳವಳ್ಳಿ ಬಸ್ಸಿಗೆ ಹೋಗಬೇಕು.